ಶಾಲೆಗೆ ಎಂಟಡಿ ಪಾಗಾರ, ಕಿಟಕಿಗೆ ಕಂಬಿ, ಬಾಗಿಲಿಗೆ ಬೀಗ: ಜೈಲಿಗೂ ಇದಕ್ಕೂ ವ್ಯತ್ಯಾಸ ಎಲ್ಲಿದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು 180. ಹಳೇ ಹೆಂಚಿನ ಕಟ್ಟಡದ ಪಕ್ಕ ಈಗ ಮಹಡಿ ಇರುವ ಆರ್‌ಸಿಸಿ ಕಟ್ಟಡವೂ ಆಗಿದೆ. ಊರಿನವರೇ ಆದ ದಾನಿಯೊಬ್ಬರು ಎಂಟಡಿ ಎತ್ತರದ ಕಾಂಪೌಂಡ್, ಎಲ್ಲ ಕಿಟಕಿಗೂ ಗ್ರಿಲ್, ಜಗಲಿಗೂ ಮೆಟ್ಟಿಲ ಬುಡಕ್ಕೂ ಕೊಲ್ಯಾಪ್ಸಿಬಲ್ ಗೇಟ್ (ಮಡಚಿ ಪಕ್ಕಕ್ಕೆ ಸರಿಸುವ ಕಬ್ಬಿಣದ ಗೇಟು), ಎಂಟು ಸಿಸಿಟಿವಿ ಕ್ಯಾಮೆರಾ ಹಾಕಿಸಿಕೊಡುತ್ತೇನೆ ಎಂದಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅರ್ಧ ಜನ "ಮಕ್ಕಳ ರಕ್ಷಣೆ ಮುಖ್ಯ" ಅಂದರು, ಉಳಿದವರು "ಶಾಲೆನ ಜೈಲು ಮಾಡ್ತೀರಾ" ಅಂದರು. ಶಾಲೆ ಕಟ್ಟಡ ನಿಜಕ್ಕೂ ಜೈಲಿನಂತೆ ಆಗುತ್ತಿದೆಯೇ? ನಾವು ಏನು ಒಪ್ಪಬೇಕು, ಏನು ಬೇಡ ಎನ್ನಬೇಕು?

ಉತ್ತರ: ನೋಡಲು ಹೋಲುತ್ತದೆ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಸಾಲು ಕೋಣೆ, ಉದ್ದ ಜಗಲಿ, ಒಂದೇ ಅಳತೆಯ ಕಿಟಕಿ, ಒಂದೇ ಬಣ್ಣ, ನಡುವೆ ಅಂಗಳ, ಸುತ್ತ ಗೋಡೆ, ಗಂಟೆ ಬಾರಿಸಿದರೆ ಸಾಲು, ಸಾಲಿನಲ್ಲಿ ಹಾಜರಿ. ಇದರ ಹಿಂದೆ ದೊಡ್ಡ ಪಿತೂರಿ ಹುಡುಕಬೇಕಿಲ್ಲ. ಎರಡೂ ಸರ್ಕಾರದ ದುಡ್ಡಿನಲ್ಲಿ, ಹೆಚ್ಚು ಕಡಿಮೆ ಒಂದೇ ಥರದ ಎಸ್ಟಿಮೇಟಿನಲ್ಲಿ ಏಳುವ ಕಟ್ಟಡಗಳು. ಕಡಿಮೆ ಖರ್ಚು, ಹೆಚ್ಚು ಬಾಳಿಕೆ, ಕೆಲವೇ ಜನ ಹಲವರ ಮೇಲೆ ಕಣ್ಣಿಡುವ ಅನುಕೂಲ ಎಂಬ ಮೂರೂ ಶರತ್ತು ಎರಡಕ್ಕೂ ಇವೆ. ಇಂಗ್ಲೆಂಡಿನ ಜೆರೆಮಿ ಬೆಂಥಾಮ್ 1791ರಲ್ಲಿ ಪ್ರಕಟಿಸಿದ ಕಾರಾಗೃಹದ ನಕ್ಷೆಯಲ್ಲಿ ನಡುವೆ ಕಾವಲು ಗೋಪುರ, ಸುತ್ತ ಕೋಣೆಗಳು. ಅದೇ ನಕ್ಷೆ ಶಾಲೆಗೂ ಆಸ್ಪತ್ರೆಗೂ ಕಾರ್ಖಾನೆಗೂ ಆಗುತ್ತದೆ ಅಂತ ಆತನೇ ವಾದಿಸಿದ್ದ. ಜೈಲಿನ ಕಾವಲು ಗೋಪುರ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ, ಹಳೇ ಸೆಂಟ್ರಲ್ ಜೈಲಿನದು ಅಲ್ಲಿ ಇನ್ನೂ ನಿಂತಿದೆ. ನಮ್ಮ ಶಿವಮೊಗ್ಗದಲ್ಲೂ ಹಳೇ ಜೈಲು ಆವರಣ ಫ್ರೀಡಂ ಪಾರ್ಕ್ ಆಯಿತು, ಜೈಲು ಸೋಗಾನೆಗೆ ಹೋಗಿದೆ.

ಆದರೆ ಹೋಲಿಕೆ ನೋಟದ್ದು. ಕಟ್ಟಡ ಶಾಸ್ತ್ರದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಜಾತಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಶಾಲೆಗಳು 'ಬಿ' ಗುಂಪಿಗೆ ಸೇರುತ್ತವೆ. ಜೈಲು ಬರುವುದು 'ಸಿ' ಗುಂಪಿನ ಮೂರನೇ ಉಪವಿಭಾಗದಲ್ಲಿ. ಜೈಲಿನಲ್ಲಿ ಬಾಗಿಲಿಗೆ ಬೀಗ ಇರಬಹುದು, ಏಕೆಂದರೆ ಹಗಲೂ ರಾತ್ರಿ ಕೀಲಿ ಹಿಡಿದ ಸಿಬ್ಬಂದಿ ಅಲ್ಲೇ ಇರಬೇಕು ಎಂಬ ಹೊಣೆ ಅದರ ಜೊತೆಗೇ ಬರುತ್ತದೆ. ಶಾಲೆಯಲ್ಲಿ ಹಾಗಿಲ್ಲ: ಒಳಗೆ ಜನ ಇರುವಷ್ಟು ಹೊತ್ತೂ ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯಬೇಕು. ಜೈಲಿನ ಹೆಬ್ಬಾಗಿಲು ಎರಡು ಪದರದ್ದು, ಒಂದು ತೆರೆದಾಗ ಇನ್ನೊಂದು ಮುಚ್ಚಿರಲೇಬೇಕು. ಶಾಲೆಯ ದಾರಿಯಲ್ಲಿ ಹಾಗೆ ಒಂದರ ಹಿಂದೆ ಒಂದು ತಡೆ ಇದ್ದರೆ ಅದು ದೋಷ.

ಹಾಗಾಗಿ ನಿಮ್ಮ ಸಭೆಯ ಜಗಳವನ್ನು ಹೀಗೆ ತಿರುಗಿಸಿ ಕೇಳಿಕೊಳ್ಳಿ: ದಾನಿ ಕೊಡಿಸುವ ಪ್ರತಿ ವಸ್ತುವೂ ಹೊರಗಿನವರನ್ನು ತಡೆಯುತ್ತದೋ, ಒಳಗಿನವರನ್ನು ತಡೆಯುತ್ತದೋ? ಎರಡನ್ನೂ ತಡೆಯುವುದಾದರೆ, ಅವಸರದಲ್ಲಿ ಒಳಗಿನ ಏಳು ವರ್ಷದ ಮಗು ಅದನ್ನು ದಾಟಬಲ್ಲದೇ?

ಇದು ಬರೀ ತರ್ಕ ಅಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತರು. ಬೆಂಕಿ ಹತ್ತಿದ್ದು ಅಡುಗೆ ಮನೆಯಿಂದ, ಹಬ್ಬಿದ್ದು ಗರಿಯ ಮಾಡಿಗೆ, ಕೊಂದಿದ್ದು ಇಕ್ಕಟ್ಟಾದ ಮೆಟ್ಟಿಲು ಮತ್ತು ಹೊರಬರಲಾಗದ ದಾರಿ. ಆ ದುರಂತದ ಮೇಲಿನ ಅರ್ಜಿಯಲ್ಲೇ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳೂ ಕಟ್ಟಡ ಸಂಹಿತೆಯ ಅಗ್ನಿ ಸುರಕ್ಷತೆ ಪಾಲಿಸಬೇಕೆಂದು ಆದೇಶಿಸಿತು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವದ ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತಾಗಲೂ ಹೊರಬರುವ ದಾರಿಯೇ ಸಾಲದಾಗಿತ್ತು. ಇನ್ನೂ ಹತ್ತಿರದ ಉದಾಹರಣೆ 2023ರ ಮೇ ತಿಂಗಳದು: ದಕ್ಷಿಣ ಅಮೆರಿಕದ ಗಯಾನಾ ದೇಶದ ಮಹ್ದಿಯಾ ಎಂಬಲ್ಲಿ ಶಾಲಾ ಹಾಸ್ಟೆಲ್ಲಿಗೆ ರಾತ್ರಿ ಬೆಂಕಿ ಬಿತ್ತು. ಕಿಟಕಿಗೆ ಕಂಬಿ, ಬಾಗಿಲಿಗೆ ಬೀಗ. ಹುಡುಗಿಯರ ರಕ್ಷಣೆಗೆಂದೇ ಹಾಕಿದ್ದ ಬೀಗ. 20 ಮಕ್ಕಳು ಹೋದರು.

ಈಗ ನಿಮ್ಮ ಪಟ್ಟಿಗೆ ಬರೋಣ.

ಕೊಲ್ಯಾಪ್ಸಿಬಲ್ ಗೇಟ್

ನಾಲ್ಕರಲ್ಲಿ ನಮಗೆ ಅತಿ ಹೆಚ್ಚು ಅಳುಕು ಇರುವುದು ಇದರ ಬಗ್ಗೆ. ಪೇಟೆಯ ಅಂಗಡಿಗೆ ಅದು ಸರಿ. ಮಲೆನಾಡಿನ ಶಾಲೆಯಲ್ಲಿ ಮೊದಲ ಮಳೆಗಾಲ ಕಳೆಯುವ ಹೊತ್ತಿಗೆ ಕೆಳಗಿನ ಕಬ್ಬಿಣದ ಚಾನೆಲ್ಲಿನಲ್ಲಿ ಮಣ್ಣು, ಎಲೆ, ಮಕ್ಕಳು ಬಿಸಾಡಿದ ಪೆನ್ಸಿಲ್ ಚೂರು ತುಂಬಿರುತ್ತದೆ. ಚಕ್ರದ ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಗೇಟು ಪೂರ್ತಿ ಸರಿಯುವುದೇ ಇಲ್ಲ. ಒಬ್ಬರು ಅಡ್ಡಡ್ಡ ತೂರಿಕೊಂಡು ಹೋಗುವಷ್ಟು ತೆರೆದು ಎಲ್ಲರೂ ಅಷ್ಟಕ್ಕೇ ಒಗ್ಗಿಕೊಂಡುಬಿಡುತ್ತಾರೆ.

ಲೆಕ್ಕ ಹಾಕಿ. ಸಂಹಿತೆಯ ಪ್ರಕಾರ ಸಮತಟ್ಟಾದ ದಾರಿ ಮತ್ತು ಬಾಗಿಲಿಗೆ ಒಬ್ಬರಿಗೆ 6.5 ಮಿ.ಮೀ. ಅಗಲ ಬೇಕು, ಮೆಟ್ಟಿಲಿಗೆ ಒಬ್ಬರಿಗೆ 10 ಮಿ.ಮೀ. ನಿಮ್ಮ 180 ಮಕ್ಕಳಿಗೆ ಬಾಗಿಲುಗಳ ಒಟ್ಟು ಅಗಲ 1,170 ಮಿ.ಮೀ. ಆಗಬೇಕು. ಅರ್ಧ ಸರಿದು ನಿಂತ ಗೇಟಿನಲ್ಲಿ ಸಿಗುವುದು 600 ಮಿ.ಮೀ. ಅಂತ ಇಟ್ಟುಕೊಳ್ಳಿ, ಅದು 92 ಮಕ್ಕಳ ದಾರಿ. ಉಳಿದ 88 ಮಕ್ಕಳಿಗೆ ಲೆಕ್ಕದಲ್ಲಿ ದಾರಿಯೇ ಇಲ್ಲ. ಮೆಟ್ಟಿಲಿಗೆ ಈ ಗುಣಾಕಾರ ಎಷ್ಟೇ ಕಡಿಮೆ ತೋರಿಸಿದರೂ ಶಾಲೆಯಲ್ಲಿ ಕನಿಷ್ಠ 1.5 ಮೀಟರ್ ಅಗಲ ಇರಲೇಬೇಕು. ಇಂಥ ಮೆಟ್ಟಿಲ ಬುಡಕ್ಕೆ ಮೂರಡಿಯ ಗೇಟು ಕೂರಿಸಿದರೆ ಐದಡಿ ಮೆಟ್ಟಿಲು ಕಟ್ಟಿದ ದುಡ್ಡು ನೀರಿಗೆ ಹಾಕಿದ ಹಾಗೆ.

ಮೆಟ್ಟಿಲ ಬುಡದ ಗೇಟು ಬೇಡವೇ ಬೇಡ ಎನ್ನಿ. ರಾತ್ರಿ ಮಹಡಿ ಹತ್ತಿ ಕಂಪ್ಯೂಟರ್ ಕದಿಯುತ್ತಾರೆ ಎಂಬ ಭಯವಿದ್ದರೆ ಆ ಒಂದು ಕೋಣೆಯ ಬಾಗಿಲು ಗಟ್ಟಿ ಮಾಡಿ, ಇಡೀ ಮಹಡಿಗೆ ಬೀಗ ಹಾಕಬೇಡಿ. ಜಗಲಿಗೆ ಗೇಟು ಬೇಕೇ ಬೇಕು ಎಂದಾದರೆ ಎರಡು ಕದದ, ಹೊರಗೆ ತೆರೆಯುವ ಸಾದಾ ಗ್ರಿಲ್ ಬಾಗಿಲು ಹಾಕಿಸಿ. ಹಿಂಜಸ್ ದಪ್ಪದ್ದಿರಲಿ, ನೆಲದಲ್ಲಿ ಚಾನೆಲ್ ಇಲ್ಲದಿರಲಿ. ಬೆಳಿಗ್ಗೆ ತೆರೆದ ಮೇಲೆ ಎರಡೂ ಕದಗಳನ್ನು ಗೋಡೆಗೆ ಒರಗಿಸಿ, ಗೋಡೆಯಲ್ಲಿ ಕೂರಿಸಿದ ಕೊಂಡಿಗೆ ಸೇರಿಸಿ ಬೀಗ ಹಾಕಿಬಿಡಿ. ತೆರೆದ ಸ್ಥಿತಿಯಲ್ಲೇ ಬೀಗ. ಸಂಜೆ ಮುಚ್ಚುವವರೆಗೆ ಯಾರೂ ಅದನ್ನು ಎಳೆದು ಹಾಕಲಾರರು.

ಇದೇ ಉಪಾಯ ತರಗತಿ ಬಾಗಿಲಿಗೂ ಬೇಕು, ಅಲ್ಲಿ ಇನ್ನೂ ಹೆಚ್ಚು ಬೇಕು. ನಮ್ಮ ಶಾಲಾ ಬಾಗಿಲುಗಳಿಗೆ ಹೊರಗಡೆ ಆಲ್‌ಡ್ರಾಪ್ (ಬೀಗ ಹಾಕುವ ಉದ್ದ ಸರಳಿನ ಚಿಲಕ) ಇರುತ್ತದೆ, ಒಳಗಡೆ ಟವರ್ ಬೋಲ್ಟ್ (ಸಣ್ಣ ಚಿಲಕ). ಆಟದ ಭರದಲ್ಲಿ ಒಂದು ಹುಡುಗ ಹೊರಗಿನಿಂದ ಆಲ್‌ಡ್ರಾಪ್ ಎಳೆದು ಓಡಿಹೋದರೆ ಒಳಗಿರುವ ಮೂವತ್ತು ಮಕ್ಕಳು, ಟೀಚರ್ ಸಹಿತ, ಬಂದಿಗಳು. ಬೆಳಿಗ್ಗೆ ಬಾಗಿಲು ತೆಗೆದಾಗ ಆಲ್‌ಡ್ರಾಪಿನ ಸರಳನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅದೇ ಬೀಗವನ್ನು ಮುಂದೆ ಸರಿಯದಂತೆ ಅದಕ್ಕೇ ಹಾಕಿ ಇಡಿ. ಬೀಗ ಕಳೆದುಹೋಗುವುದೂ ತಪ್ಪುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು, ತೆರೆದಾಗ ಜಗಲಿಯ ದಾರಿ ಕಟ್ಟಬಾರದು. 45ಕ್ಕಿಂತ ಹೆಚ್ಚು ಜನ ಕೂರುವ ಕೋಣೆಗೆ ಎರಡು ಬಾಗಿಲು ಬೇಕು. ಚಿಕ್ಕ ತರಗತಿಗಳ ನಲಿಕಲಿಗೆಂದು ಎರಡು ಕೋಣೆ ಸೇರಿಸಿ ಒಂದು ಮಾಡುವಾಗ ಹಲವು ಕಡೆ ಒಂದು ಬಾಗಿಲಿಗೆ ಬೀರು ಅಡ್ಡ ಇಟ್ಟಿರುತ್ತಾರೆ. ಅದನ್ನು ಇವತ್ತೇ ಸರಿಸಿ, ಅದಕ್ಕೆ ದಾನಿಯೂ ಬೇಡ, ದುಡ್ಡೂ ಬೇಡ.

ಹೊರದೇಶದ ಒಂದು ಮಾತು ಇಲ್ಲಿ ಹೇಳಬೇಕು. ಶಾಲೆ ಜೈಲಿನಂತಾಗುತ್ತಿದೆ ಎಂಬ ಕೂಗು ಜೋರಾಗಿ ಎದ್ದಿದ್ದು ಅಮೆರಿಕದಲ್ಲಿ. 1999ರ ಕೊಲಂಬೈನ್ ಗುಂಡಿನ ದಾಳಿಯ ನಂತರ ಲೋಹ ಶೋಧಕ, ಶಾಲೆಯೊಳಗೇ ಪೊಲೀಸ್, ಬೀಗ ಬೀಳುವ ಬಾಗಿಲುಗಳು ಅಲ್ಲಿ ಹೆಚ್ಚಿದವು. 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಬೀಗದ ಕಥೆಯೂ ಬಯಲಾಯಿತು: ಅಲ್ಲಿನ ತರಗತಿ ಬಾಗಿಲುಗಳಿಗೆ ಬೀಗ ಹಾಕಲು ಶಿಕ್ಷಕರು ಹೊರಗೆ ಬಂದು ಕೀಲಿ ತಿರುಗಿಸಬೇಕಿತ್ತು, ಒಂದು ಕೋಣೆಯ ಬೀಗ ಮೊದಲಿನಿಂದಲೂ ಸರಿಯಾಗಿ ಬೀಳುತ್ತಿರಲಿಲ್ಲ. ಅಷ್ಟು ದುಬಾರಿ ವ್ಯವಸ್ಥೆ ಒಂದು ಕೆಟ್ಟ ಬೀಗದ ಹತ್ತಿರ ಸೋತಿತು. ಅದೇ ದೇಶದಲ್ಲಿ 2012ರಲ್ಲಿ ದಾಳಿಗೊಳಗಾದ ಸ್ಯಾಂಡಿ ಹುಕ್ ಶಾಲೆಯನ್ನು ಕೆಡವಿ 2016ರಲ್ಲಿ ಹೊಸದು ತೆರೆದರು. ಅದರ ಮುಂದೆ ಎತ್ತರದ ಗೋಡೆ ಕಟ್ಟಲಿಲ್ಲ. ಮಳೆನೀರು ಇಂಗುವ ತಗ್ಗಿನ ತೋಟ ಮಾಡಿ, ಅದರ ಮೇಲೆ ಕಾಲುಸೇತುವೆ ಇಟ್ಟರು. ಬರುವವರು ಸೇತುವೆಯ ಮೇಲೆಯೇ ಬರಬೇಕು, ಬರುವುದು ಒಳಗಿನವರಿಗೆ ಕಾಣುತ್ತದೆ. ಅಗಳು, ಅದರ ಮೇಲೊಂದು ಸಂಕ. ಮಲೆನಾಡಿನವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಪಾಗಾರ

ಗೋಡೆ ಅಥವಾ ಬೇಲಿ ಇರಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಶಾಲಾ ಕಟ್ಟಡಕ್ಕೆ ಆವರಣ ಗೋಡೆ ಅಥವಾ ಬೇಲಿಯ ರಕ್ಷಣೆ ಇರಬೇಕೆಂದಿದೆ. ಎಂಟಡಿ ಇರಬೇಕೆಂದು ಅಲ್ಲಿ ಎಲ್ಲೂ ಇಲ್ಲ.

ಎಂಟಡಿಯ ಗಟ್ಟಿ ಗೋಡೆಗೆ ನಮ್ಮ ಆಕ್ಷೇಪ ಎರಡು. ಒಂದು, ಅದರ ಒಳಗೆ ಏನು ನಡೆಯುತ್ತಿದೆ ಎಂಬುದು ದಾರಿಯಲ್ಲಿ ಹೋಗುವ ಯಾರಿಗೂ ಕಾಣುವುದಿಲ್ಲ. ರಜೆಯ ದಿನ ಒಳಗೆ ಇಸ್ಪೀಟು, ಬಾಟಲಿ ಸೇರಿಕೊಳ್ಳುವುದು ಇಂಥ ಗೋಡೆಯ ಮರೆಯಲ್ಲೇ. ಊರಿನ ಕಣ್ಣೇ ಹಳ್ಳಿ ಶಾಲೆಯ ಅತಿ ಅಗ್ಗದ ಕಾವಲು, ಅದನ್ನು ಗೋಡೆ ಕಟ್ಟಿ ಮುಚ್ಚಬಾರದು. ಎರಡನೆಯದು ನೀರು. ನಮ್ಮ ಶಾಲೆಗಳು ಬಹುಪಾಲು ಧರೆ ಕಡಿದು ಸಮತಟ್ಟು ಮಾಡಿದ ಜಾಗದಲ್ಲಿವೆ. ಗುಡ್ಡದ ನೀರು ಹರಿದು ಬರುವ ದಾರಿಗೆ ಅಡ್ಡ ಒಂಬತ್ತು ಇಂಚಿನ ಗೋಡೆ ಎಬ್ಬಿಸಿದರೆ ಆಷಾಢದಲ್ಲಿ ಅದರ ಹಿಂದೆ ಕೆರೆಯೇ ನಿಲ್ಲುತ್ತದೆ. ನೆನೆದ ಮಣ್ಣಿನ ಭಾರಕ್ಕೆ ಗೋಡೆ ಮೊದಲು ಹೊಟ್ಟೆ ಬಿಡುತ್ತದೆ, ಆಮೇಲೆ ಉದ್ದಕ್ಕೂ ಒಂದೇ ಸಲ ಮಲಗುತ್ತದೆ. ಅದರ ಬುಡದಲ್ಲೇ ಮಕ್ಕಳು ಊಟದ ತಟ್ಟೆ ತೊಳೆಯುತ್ತಿರುತ್ತಾರೆ.

ಹೀಗೆ ಮಾಡಿಸಿ: ಬುಡದಲ್ಲಿ ಸೈಜುಗಲ್ಲು ಅಥವಾ ಜಂಬಿಟ್ಟಿಗೆಯ ಎರಡರಿಂದ ಎರಡೂವರೆ ಅಡಿ ಗಟ್ಟಿ ಗೋಡೆ. ಅದರ ಮೇಲೆ ಚೈನ್‌ಲಿಂಕ್ ಜಾಲರಿ ಅಥವಾ ನೇರ ಸರಳಿನ ಗ್ರಿಲ್, ಒಟ್ಟು ಎತ್ತರ ಐದರಿಂದ ಆರಡಿ. ಪ್ರತಿ ಹತ್ತಡಿಗೆ ಒಂದು ಕಂಬ. ಉದ್ದ ಗೋಡೆಯಲ್ಲಿ ಮೂವತ್ತು ಅಡಿಗೊಮ್ಮೆ ಸೀಳು ಬಿಡಿ, ಇಲ್ಲದಿದ್ದರೆ ಬಿಸಿಲಿಗೆ ತಾನೇ ಸೀಳುತ್ತದೆ. ತಗ್ಗಿನ ಜಾಗಗಳಲ್ಲಿ ನೀರು ದಾಟಲು ಒಂದಡಿ ಚೌಕದ ಕಿಂಡಿ, ಅದಕ್ಕೆ ಸರಳು. ಎಲ್ಲಿ ಗೋಡೆ ಮಣ್ಣನ್ನು ತಡೆದು ನಿಲ್ಲಿಸುತ್ತದೋ ಅಲ್ಲಿ 75 ಮಿ.ಮೀ. ಪಿವಿಸಿ ಪೈಪಿನ ತೂತುಗಳು, ನಾಲ್ಕೈದು ಅಡಿಗೊಂದು, ಹೊರಗಡೆಗೆ ಇಳಿಜಾರಾಗಿ. ಪೈಪಿನ ಹಿಂದೆ ಒಂದಡಿ ಜಲ್ಲಿ ತುಂಬಿಸದೆ ಮಣ್ಣನ್ನೇ ಒತ್ತಿದರೆ ಮೊದಲ ಮಳೆಗೇ ತೂತು ಕಟ್ಟಿಕೊಳ್ಳುತ್ತದೆ. ಮೇಸ್ತ್ರಿಗಳು ತಪ್ಪದೆ ಬಿಡುವ ಕೆಲಸ ಇದು, ಹಿಂದಿನ ಜಲ್ಲಿ ಕಣ್ಣಿಗೆ ಕಾಣುವುದಿಲ್ಲವಲ್ಲ. ಮಣ್ಣು ಮುಚ್ಚುವ ಮೊದಲು ಯಾರಾದರೂ ಸದಸ್ಯರು ನಿಂತು ನೋಡಿ. ಗೋಡೆಯ ತಲೆಗೆ ಗಾಜಿನ ಚೂರು, ಮುಳ್ಳುತಂತಿ ಸುತ್ತುವುದು ಬೇಡ. ಚೆಂಡು ತರಲು ಗೋಡೆ ಹತ್ತುವುದು ಮಕ್ಕಳೇ, ಕಳ್ಳರಲ್ಲ.

ರಸ್ತೆ ಕಡೆಯ ಗೇಟನ್ನು ಗೋಡೆಯ ಸಾಲಿಗೇ ಇಡದೆ ಹದಿನೈದು ಇಪ್ಪತ್ತು ಅಡಿ ಒಳಗೆ ತೆಗೆದುಕೊಳ್ಳಿ. ಬಸ್ಸಿಗೆ ಕಾಯುವ ಮಕ್ಕಳು ತಿರುವಿನ ರಸ್ತೆ ಮೇಲೆ ನಿಲ್ಲದೆ ಆ ಬಿಡುವಿನಲ್ಲಿ ನಿಲ್ಲುತ್ತಾರೆ. ಅಲ್ಲಿ ಒಂದು ತಗಡಿನ ಮಾಡು ಹಾಕಿಸಿ. ದೊಡ್ಡ ಗೇಟು ಅಗ್ನಿಶಾಮಕ ಲಾರಿ ತಿರುಗುವಷ್ಟು, ಹದಿನೈದು ಅಡಿ ಇರಲಿ. ಪಕ್ಕದಲ್ಲಿ ನಾಲ್ಕಡಿಯ ಚಿಕ್ಕ ಗೇಟು, ದಿನದ ಓಡಾಟಕ್ಕೆ. ಶಾಲೆ ಸಮಯದಲ್ಲಿ ಚಿಕ್ಕ ಗೇಟಿಗೆ ಚಿಲಕ ಸಾಕು, ಬೀಗ ಬೇಡ. ತಡವಾಗಿ ಬಂದವರಿಗೆ ಬುದ್ಧಿ ಕಲಿಸಲು ಪ್ರಾರ್ಥನೆ ಹೊತ್ತಿಗೆ ಗೇಟಿಗೆ ಬೀಗ ಜಡಿಯುವ ರೂಢಿ ಕೆಲವು ಕಡೆ ಇದೆ. ಬಸ್ಸು ತಡವಾದ ತಪ್ಪಿಗೆ ಮಗು ಮಳೆಯಲ್ಲಿ ರಸ್ತೆ ಬದಿ ನಿಲ್ಲುತ್ತದೆ. ಇದರಲ್ಲಿ ಭದ್ರತೆ ಎಲ್ಲಿಂದ ಬಂತು?

ಕಿಟಕಿ, ಗ್ರಿಲ್

ಗ್ರಿಲ್ ಬೇಡ ಎನ್ನಲಾಗದು. ಬಿಸಿಯೂಟದ ಅಕ್ಕಿ, ಸಿಲಿಂಡರ್, ಕಂಪ್ಯೂಟರ್, ಇವುಗಳ ಜೊತೆಗೆ ಮಂಗಗಳ ಕಾಟ. ಮಹಡಿಯಲ್ಲಿ ಮಕ್ಕಳು ಬೀಳದಂತೆಯೂ ಬೇಕು. ಆದರೆ ಜೈಲಿನ ಕಿಟಕಿಗೂ ಶಾಲೆಯ ಕಿಟಕಿಗೂ ಮೊದಲ ಅಂತರ ಕಂಬಿ ಅಲ್ಲ, ಎತ್ತರ ಮತ್ತು ಅಗಲ. ಜೈಲಿನಲ್ಲಿ ಕಿಟಕಿ ಕಣ್ಣಿಗಿಂತ ಮೇಲೆ. ಶಾಲೆಯಲ್ಲಿ ಕೂತ ಮಗುವಿಗೆ ಹೊರಗಿನ ಮರ ಕಾಣಬೇಕು, ಹಾಗಾಗಿ ಕಿಟಕಿ ಬುಡ ನೆಲದಿಂದ ಎರಡೂವರೆ ಅಡಿಯಿಂದ ಮೂರಡಿ. ನಮ್ಮಂಥ ತೇವದ ಸೀಮೆಯಲ್ಲಿ ಗಾಳಿ ಬೆಳಕಿನ ಕಿಂಡಿಗಳು ನೆಲದ ವಿಸ್ತೀರ್ಣದ ಆರರಲ್ಲೊಂದು ಭಾಗ ಇರಬೇಕು. 8 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆಗೆ 8 ಚದರ ಮೀಟರ್ ಆಯಿತು: ಒಂದೂವರೆ ಮೀಟರ್ ಅಗಲ, 1.35 ಮೀಟರ್ ಎತ್ತರದ ನಾಲ್ಕು ಕಿಟಕಿ. ದಟ್ಟ ವಿನ್ಯಾಸದ ಗ್ರಿಲ್, ಅದರ ಹಿಂದೆ ಸೊಳ್ಳೆ ಜಾಲರಿ ಹಾಕಿದರೆ ಇದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಸಾದಾ ನೇರ ಸರಳು, ನಾಲ್ಕು ಇಂಚು ಅಂತರ, ಅಷ್ಟೇ ಸಾಕು. ಅಡ್ಡ ಸರಳು ಹೆಚ್ಚಿದರೆ ಮಕ್ಕಳಿಗೆ ಏಣಿ ಆಗುತ್ತದೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡೋಣ. 2016ರ ಮಾದರಿ ಕಾರಾಗೃಹ ಕೈಪಿಡಿ ಬ್ಯಾರಕ್ಕಿನಲ್ಲಿ ಮಲಗುವ ಒಬ್ಬ ಬಂದಿಗೆ 3.71 ಚದರ ಮೀಟರ್ ಜಾಗ ಹೇಳುತ್ತದೆ. ಸಿಬಿಎಸ್‌ಇ ನಿಯಮ ತರಗತಿಯ ಒಂದು ಮಗುವಿಗೆ ಕನಿಷ್ಠ 1 ಚದರ ಮೀಟರ್. ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ಹೋಲಿಕೆ ಸಲ್ಲದು, ನಿಜ. ಆದರೆ ಶಾಲೆ ಇಕ್ಕಟ್ಟೆನಿಸುವುದಕ್ಕೆ ಕಂಬಿಗಿಂತ ಈ ಒಂದು ಮೀಟರೇ ಹೆಚ್ಚು ಕಾರಣ.

ನಿಮ್ಮ ಗ್ರಿಲ್ ಪಟ್ಟಿಗೆ ಒಂದು ಶರತ್ತು ಸೇರಿಸಿ: ಪ್ರತಿ ಕೋಣೆಯಲ್ಲೂ, ಬಾಗಿಲಿಗೆ ಎದುರಿನ ಗೋಡೆಯ ಒಂದು ಕಿಟಕಿಯಲ್ಲಿ, ತೆರೆಯುವ ಗ್ರಿಲ್. ಎರಡಡಿ ಅಗಲ, ಮೂರಡಿ ಎತ್ತರದ ಚೌಕಟ್ಟು, ಹೊರಗೆ ತೆರೆಯಬೇಕು. ಒಳಗಡೆ ಟವರ್ ಬೋಲ್ಟ್, ಬೀಗ ಬೇಡ. ಹೊರಗಿನಿಂದ ಕೈ ತೂರಿಸಿ ಬೋಲ್ಟ್ ಎಳೆಯಬಹುದಲ್ಲ ಎಂದು ವೆಲ್ಡಿಂಗ್ ಅಂಗಡಿಯವರೇ ಕೇಳುತ್ತಾರೆ. ಬೋಲ್ಟಿನ ಸುತ್ತ ಒಂದೂವರೆ ಅಡಿ ಚೌಕದ ತಗಡು ಬೆಸೆಸಿದರೆ ಕೈ ತಲುಪುವುದಿಲ್ಲ. ಹಿಂಜಸ್ ಪಿನ್ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯದ್ದೇ ಇರಲಿ. ಮಾಮೂಲಿ ಕಬ್ಬಿಣದ ಪಿನ್ನಾದರೆ ಒಂದೇ ಮಳೆಗಾಲಕ್ಕೆ ಕಚ್ಚಿ, ತೆರೆಯುವ ಗ್ರಿಲ್ ಹೆಸರಿಗೆ ಮಾತ್ರ ಉಳಿಯುತ್ತದೆ. ಬೆಸುಗೆಯ ಜಾಗಗಳಿಗೆ ರೆಡ್ ಆಕ್ಸೈಡ್ ಎರಡು ಕೋಟು, ಮೇ ಕೊನೆಗೊಮ್ಮೆ ಅಕ್ಟೋಬರಿನಲ್ಲೊಮ್ಮೆ ಗ್ರೀಸು. ನೆಲಮಹಡಿಯಲ್ಲಿ ಬೋಲ್ಟು ಮೂರೂವರೆ ಅಡಿಯಲ್ಲಿರಲಿ, ಐದನೇ ಕ್ಲಾಸಿನವರು ತೆರೆಯಬಲ್ಲರು. ಮೇಲಿನ ಮಹಡಿಯಲ್ಲಿ ಐದೂವರೆ ಅಡಿಗೆ ಇಡಿ, ಅದು ಏಣಿ ಹಾಕಿ ಬರುವವರಿಗೆ ಮತ್ತು ಶಿಕ್ಷಕರಿಗೆ. ಮೇಲಿನ ಜಗಲಿಯನ್ನು ನೆಲದಿಂದ ಸೂರಿನವರೆಗೆ ಗ್ರಿಲ್ ಹಾಕಿ ಪಂಜರ ಮಾಡುವುದು ಈಗ ಹೆಚ್ಚಾಗಿದೆ, ಒಪ್ಪಬೇಡಿ. ನಾಲ್ಕಡಿ ಎತ್ತರದ ಕಟ್ಟೆಗೋಡೆ ಸಾಕು.

ಮಳೆಗಾಲದ ತಟ್ಟಿಯ ಬಗ್ಗೆ ಒಂದು ಎಚ್ಚರ. ಹೊಡೆಮಳೆ ತಡೆಯಲು ಜಗಲಿಗೂ ಕಿಟಕಿಗೂ ಅಡಿಕೆ ಸೋಗೆಯ ತಟ್ಟಿ ಅಥವಾ ನೀಲಿ ಟಾರ್ಪಾಲು ಕಟ್ಟುತ್ತೇವೆ. ಒಳಗೆ ಹಗಲಲ್ಲೇ ಕತ್ತಲೆ. ಕುಂಭಕೋಣದಲ್ಲಿ ಹತ್ತಿಕೊಂಡಿದ್ದು ಇಂಥದ್ದೇ ಒಣಗರಿ. ಅಡುಗೆ ಕೋಣೆಯ ಕಡೆ ಸೋಗೆ ಕಟ್ಟಲೇಬೇಡಿ, ಉಳಿದ ಕಡೆ ಮಳೆ ನಿಂತ ವಾರದಲ್ಲೇ ಬಿಚ್ಚಿಸಿ. ಬೇಸಿಗೆವರೆಗೆ ಉಳಿದರೆ ಅದು ಸೌದೆ. ಹೊಸ ಕಟ್ಟಡಕ್ಕೆ ಮೂರಡಿ ಸಜ್ಜೆ ಇಳಿಬಿಟ್ಟರೆ ತಟ್ಟಿಯ ಕೆಲಸ ಅರ್ಧ ಕಡಿಮೆ. ದಾನಿಯ ದುಡ್ಡಿಗೆ ಇದು ಒಳ್ಳೆಯ ದಾರಿ.

ಕ್ಯಾಮೆರಾ

ಎಂಟು ಬೇಡ, ನಾಲ್ಕು ಸಾಕು: ಗೇಟು, ಜಗಲಿಯ ಎರಡು ತುದಿ, ಅಡುಗೆ ಕೋಣೆ ಮತ್ತು ನೀರಿನ ತೊಟ್ಟಿ ಕಾಣುವ ಹಿಂಭಾಗ. ಶೌಚಾಲಯದೊಳಗೆ, ಬಟ್ಟೆ ಬದಲಿಸುವ ಕಡೆ ಯಾವ ಕಾರಣಕ್ಕೂ ಬೇಡ. ತರಗತಿಯೊಳಗೂ ಬೇಡ ಎಂಬುದು ನಮ್ಮ ಅಭಿಪ್ರಾಯ. ಮಗುವಿನ ಮೇಲೆ ಇಡೀ ದಿನ ಕಣ್ಣಿಟ್ಟರೆ ಮಗು ಸುರಕ್ಷಿತವಾಗುವುದಿಲ್ಲ, ಶಿಕ್ಷಕರು ಪರದೆಯನ್ನು ನಂಬಿ ಜಗಲಿ ಸುತ್ತುವುದನ್ನು ಬಿಡುತ್ತಾರೆ.

ಅಂಗಡಿಯವರು ಕೊಡುವ ಸೆಟ್ಟಿನಲ್ಲಿ 1 ಟಿಬಿ ಡಿಸ್ಕ್ ಇರುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ. ಎಂಟು ಕ್ಯಾಮೆರಾ ಆದರೆ 1 ಟಿಬಿ ಆರು ದಿನವೂ ಬರುವುದಿಲ್ಲ, ನಾಲ್ಕಾದರೆ ಹನ್ನೊಂದು ದಿನ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕೇಳುವುದು 30 ದಿನದ ದಾಖಲೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ 2025ರಲ್ಲಿ ಹೇಳಿದ್ದು 15 ದಿನ. ನಾಲ್ಕು ಕ್ಯಾಮೆರಾದ 30 ದಿನಕ್ಕೆ 2.6 ಟಿಬಿ ಬೇಕು, 4 ಟಿಬಿ ಡಿಸ್ಕ್ ಬರೆಸಿ. ಎಂಟರ ದುಡ್ಡಿನಲ್ಲಿ ನಾಲ್ಕು ಕ್ಯಾಮೆರಾ, ದೊಡ್ಡ ಡಿಸ್ಕ್, ಯುಪಿಎಸ್, ಸಿಡಿಲು ತಡೆಯುವ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಎಲ್ಲ ಆಗುತ್ತದೆ. ನಮ್ಮ ಕಡೆ ಕ್ಯಾಮೆರಾ ಕೆಡುವುದು ಕಳ್ಳರಿಂದ ಅಲ್ಲ, ಏಪ್ರಿಲ್ ಮೇ ಗುಡುಗಿನಿಂದ. ಗುಮ್ಮಟದ ಆಕಾರದವು ಬೇಡ, ಮಳೆಗಾಲದಲ್ಲಿ ಒಳಗೆ ಬೆವರುತ್ತವೆ. ಉದ್ದನೆಯವು ತೆಗೆದುಕೊಂಡು ಸೂರಿನಡಿ ಹಾಕಿಸಿ. ರಾತ್ರಿ ಬೆಳಕಿಗೆ ಹುಳ ಬಂದು, ಹುಳಕ್ಕೆ ಜೇಡ ಬಂದು ಬಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಪೊರಕೆ ಆಡಿಸಬೇಕು. ಪಾಸ್‌ವರ್ಡ್ ಇಬ್ಬರ ಹತ್ತಿರ ಮಾತ್ರ, ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಗೊತ್ತುಮಾಡಿದ ಒಬ್ಬರು. ದಾನಿಯ ಮೊಬೈಲಿನಲ್ಲಿ ನೇರ ಪ್ರಸಾರ ಬೇಡ, ಎಷ್ಟೇ ಒಳ್ಳೆಯವರಾಗಿರಲಿ.

ಕಟ್ಟಡ ಎಷ್ಟೇ ತೆರೆದಿದ್ದರೂ ಜೈಲಾಗುವ ಒಂದು ದಾರಿ ಇದೆ, ಅದು ಶಿಕ್ಷೆಯದು. ಕೋಣೆಯಲ್ಲಿ ಕೂಡಿ ಹಾಕುವುದು, ಫೀಸು ಕಟ್ಟಲಿಲ್ಲವೆಂದು ಲೈಬ್ರರಿಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುವುದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಅಕ್ರಮ ಬಂಧನ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನ ಅಪರಾಧ. ದೂರು ಕೊಡಲು ಮಕ್ಕಳ ಸಹಾಯವಾಣಿ 1098, ಸಂಖ್ಯೆಯನ್ನು ಜಗಲಿ ಗೋಡೆಗೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಅಭ್ಯಾಸ

ಇಷ್ಟೆಲ್ಲ ಮಾಡಿಸಿದ ಮೇಲೂ ಒಮ್ಮೆ ಖಾಲಿ ಮಾಡಿ ನೋಡದಿದ್ದರೆ ಏನೂ ಗೊತ್ತಾಗುವುದಿಲ್ಲ. ಅಗ್ನಿಶಾಮಕ ಠಾಣೆ ತಾಲ್ಲೂಕು ಕೇಂದ್ರದಲ್ಲಿ. ಘಾಟಿ ತಿರುವು, ಮಳೆ, ಬಿದ್ದ ಮರ ದಾಟಿ ಲಾರಿ ಬರುವವರೆಗೆ ಶಾಲೆಯೇ ತನ್ನನ್ನು ನೋಡಿಕೊಳ್ಳಬೇಕು.

ಕರೆಂಟು ನಂಬಬೇಡಿ, ಕೈಗಂಟೆ ಇರಲಿ, ಬಿಡುವಿಲ್ಲದೆ ಬಾರಿಸುವುದೇ ಸೂಚನೆ. ಚೀಲ ಬಿಟ್ಟು, ಚಪ್ಪಲಿ ಹುಡುಕದೆ, ಸಾಲಾಗಿ ಹೊರಗೆ. ಚಪ್ಪಲಿಯದೇ ದೊಡ್ಡ ತಡೆ: ಬಾಗಿಲ ಮುಂದೆಯೇ ರಾಶಿ ಬಿಟ್ಟಿರುತ್ತಾರೆ, ಹಿಂದಿನವರು ಎಡವುತ್ತಾರೆ. ಚಪ್ಪಲಿ ಸಾಲನ್ನು ಬಾಗಿಲಿನಿಂದ ಆರಡಿ ಆಚೆಗೆ ಸರಿಸಿ. ಚಿಕ್ಕ ತರಗತಿಗಳು ಯಾವಾಗಲೂ ನೆಲಮಹಡಿಯಲ್ಲೇ ಇರಲಿ. ಹಾಜರಿ ಪುಸ್ತಕ ಶಿಕ್ಷಕರ ಕೈಯಲ್ಲೇ ಹೊರಬರಬೇಕು, ಹೊರಗೆ ಹೆಸರು ಕೂಗಬೇಕು. ಶೌಚಾಲಯ ನೋಡಿ ಬರಲು ಒಬ್ಬರಿಗೆ ಜವಾಬ್ದಾರಿ. ಸೇರುವ ಜಾಗ ಧರೆಯಿಂದಲೂ ದೊಡ್ಡ ಮರದಿಂದಲೂ ದೂರ. ಮಳೆಗಾಲಕ್ಕೆ ಬೇರೆ ಜಾಗ ಗೊತ್ತುಮಾಡಿ, ಪಕ್ಕದ ಸಮುದಾಯ ಭವನವೋ, ಯಾರದಾದರೂ ದೊಡ್ಡ ಜಗಲಿಯೋ. ನಿಮ್ಮ 180 ಮಕ್ಕಳಿಗೆ ಮೂರು ನಿಮಿಷದ ಒಳಗಾದರೆ ಸರಿ. ಹೆಚ್ಚಾದರೆ ಎಲ್ಲಿ ಗುಂಪು ನಿಂತಿತು ಅಂತ ನೋಡಿ, ಅಲ್ಲೇ ಯಾವುದೋ ಗೇಟೋ ಬೀರುವೋ ಇರುತ್ತದೆ. ಎರಡನೇ ಸಲ ಹೇಳದೆ ಕೇಳದೆ ಮುಖ್ಯ ದಾರಿಗೆ ಹಗ್ಗ ಕಟ್ಟಿ "ಬೆಂಕಿ ಇಲ್ಲಿದೆ" ಎಂದು ಹೇಳಿ, ಇನ್ನೊಂದು ದಾರಿಯಲ್ಲಿ ಹೊರಡಿಸಿ.

2023ರ ಡಿಸೆಂಬರ್ 1ರಂದು ಬೆಂಗಳೂರಿನ ಹಲವಾರು ಶಾಲೆಗಳಿಗೆ ಹುಸಿ ಬಾಂಬ್ ಇಮೇಲ್ ಬಂದಾಗ ಮಕ್ಕಳನ್ನು ಹೊರಡಿಸುವ ಹೊತ್ತಿಗೇ ಆತಂಕದ ಪೋಷಕರು ಶಾಲೆಗಳತ್ತ ಧಾವಿಸಿದರು. ನಿಮ್ಮಲ್ಲೂ ಹಾಗೇ ಆಗುತ್ತದೆ. ಮಗುವನ್ನು ಯಾರ ಕೈಗೆ ಕೊಡಬೇಕು ಎಂಬ ಹೆಸರುಗಳು ಹಾಜರಿ ಪುಸ್ತಕದ ಕೊನೆ ಹಾಳೆಯಲ್ಲಿ ಇರಲಿ. ಚಿಕ್ಕ ಗೇಟಿನಲ್ಲಿ ಒಪ್ಪಿಸಿ, ದೊಡ್ಡ ಗೇಟನ್ನು ವಾಹನಕ್ಕೆ ಖಾಲಿ ಬಿಡಿ.

ದಾನಿಗಳಿಗೆ ಬೇಡ ಎನ್ನುವುದು ಕಷ್ಟ, ಗೊತ್ತು. ಬೇಡ ಎನ್ನದೆ ಪಟ್ಟಿಯನ್ನೇ ಬದಲಿಸಿ ಕೊಡಿ: ಕೊಲ್ಯಾಪ್ಸಿಬಲ್ ಬದಲು ಎರಡು ಕದದ ಗೇಟು, ಎಂಟಡಿ ಬದಲು ಆರಡಿಯ ಜಾಲರಿ ಪಾಗಾರ, ಪ್ರತಿ ಕೋಣೆಗೊಂದು ತೆರೆಯುವ ಗ್ರಿಲ್, ನಾಲ್ಕು ಕ್ಯಾಮೆರಾ, ಅಡುಗೆ ಕೋಣೆ ಮತ್ತು ಜಗಲಿಗೆ ತಲಾ ಒಂದು 6 ಕೆಜಿ ಎಬಿಸಿ ಪುಡಿಯ ಅಗ್ನಿಶಾಮಕ, ಸಿಲಿಂಡರ್ ಹೊರಗಿಡಲು ಜಾಲರಿ ಗೂಡು. ದುಡ್ಡು ಉಳಿದರೆ ಹಳ್ಳ ದಾಟಿ ಬರುವ ಮಕ್ಕಳ ದಾರಿ ನೋಡಿ. ಕಾಲುಸಂಕಕ್ಕೆ ಸರ್ಕಾರದ ಶಾಲಾ ಸಂಪರ್ಕ ಸೇತು ಯೋಜನೆ ಇದೆ, ಅರ್ಜಿಯ ಜೊತೆ ಪಂಚಾಯಿತಿ ಠರಾವು ಇಡಿ. ಪಾಗಾರದ ಬುಡದ ಕೆಲಸ ಮೇ ಎರಡನೇ ವಾರಕ್ಕೆ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ತೋಡಿದ ಪಾಯ ಮುಚ್ಚಿಸಿ, ದೀಪಾವಳಿ ಕಳೆದ ಮೇಲೆ ಮುಂದುವರಿಸಿ. ಅರ್ಧ ಎದ್ದ ಗೋಡೆಯನ್ನು ಮಳೆಗೆ ಬಿಡಬೇಡಿ.